ಟಿಕೆಟ್ಟಿಲ್ಲದ ಕಚೇರಿಗೆ ದುಡ್ಡು ಕೊಟ್ಟವರು ಯಾರು?

ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಗೆಳೆಯನೊಬ್ಬ ಮೊಬೈಲಿಗೆ ಬಂದ ಪೋಸ್ಟರ್ ತೋರಿಸಿದ. ಅವರ ಬಡಾವಣೆಯ ಪಾರ್ಕಿನಲ್ಲಿ ತಿಂಗಳಿಗೊಂದು ಭಾನುವಾರ ಸಂಗೀತವಂತೆ. ಒಂದು ಸಲ ಶಾಸ್ತ್ರೀಯ, ಇನ್ನೊಂದು ಸಲ ಜಾಝ್. ಕೆಳಗೆ ದಪ್ಪ ಅಕ್ಷರದಲ್ಲಿ "ಪ್ರವೇಶ ಉಚಿತ, ಎಲ್ಲರಿಗೂ ಸ್ವಾಗತ".

"ಎಂಥಾ ಐಡಿಯಾ ಅಲ್ವಾ ಮಾರಾಯ? ಇದೆಲ್ಲ ಫಾರಿನ್ನಲ್ಲಿ ಮಾತ್ರ ಇರುತ್ತೆ ಅಂದ್ಕೊಂಡಿದ್ದೆ" ಅಂದ.

ನನಗೆ ನಗು ಬಂತು. ನಮ್ಮ ಉಯ್ಯಂಬಳ್ಳಿಯಲ್ಲಿ ನಾನು ಕೇಳಿದ ಮೊದಲನೇ ಕಚೇರಿಗೂ ಟಿಕೆಟ್ ಇರಲಿಲ್ಲ. ಕುರ್ಚಿಯೂ ಇರಲಿಲ್ಲ :)

ಉಯ್ಯಂಬಳ್ಳಿ ಎಲ್ಲಿದೆ ಅಂತ ಕೇಳ್ತೀರಾ? ಕನಕಪುರ ತಾಲ್ಲೂಕಿನ ಒಂದು ಹೋಬಳಿ. ಅರ್ಕಾವತಿ ಹೋಗಿ ಕಾವೇರಿಗೆ ಸೇರುವ ಸಂಗಮ ಇರುವುದು ನಮ್ಮ ತಾಲ್ಲೂಕಿನಲ್ಲೇ. ನಾನು ಹುಟ್ಟಿದಾಗ ನಮ್ಮದು ಬೆಂಗಳೂರು ಜಿಲ್ಲೆ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಆಯ್ತು, 2007ರಲ್ಲಿ ರಾಮನಗರ ಆಯ್ತು, 2025ರಲ್ಲಿ ಬೆಂಗಳೂರು ದಕ್ಷಿಣ ಆಯ್ತು. ನಮ್ಮೂರು ಮಾತ್ರ ಇದ್ದ ಜಾಗದಲ್ಲೇ ಇದೆ. ರಾಗಿ ಹೊಲ, ಹಿಪ್ಪುನೇರಳೆ ತೋಟ, ರೇಷ್ಮೆ ಗೂಡು ತುಂಬಿದ ಚಂದ್ರಿಕೆ.... ಅವೂ ಇವೆ.

ನಾನಾಗ ಐದನೇ ಕ್ಲಾಸು. ಊರಹಬ್ಬದ ರಾತ್ರಿ. ದೇವಸ್ಥಾನದ ಮುಂದೆ ಜಗಲಿಯ ಕೆಳಗೆ ಚಾಪೆ ಹಾಸಿ ಓಲಗದವರು ಕೂತಿದ್ದರು. ಪ್ರತಿ ವರ್ಷ ಎರಡು ನಾಗಸ್ವರ, ಒಂದು ಡೋಲು, ಒಂದು ಶ್ರುತಿ. ಆ ವರ್ಷ ಒಬ್ಬರ ಕೈಯಲ್ಲಿ ನಾಗಸ್ವರದ ಬದಲು ಥಳಥಳ ಹೊಳೆಯುವ, ಬಾಗಿದ ಏನೋ ಒಂದು. ನಮ್ಮ ತಾತ ಕಣ್ಣು ಕಿರಿದು ಮಾಡಿ ನೋಡಿ, "ಏನ್ಲಾ ಅದು? ಇತ್ತಾಳೆ ಚಿಲುಮೆ ಇದ್ದಂಗದಲ್ಲ!" ಅಂದರು. ಸುತ್ತ ಇದ್ದವರೆಲ್ಲ ನಕ್ಕರು. ನುಡಿಸೋರೂ ನಕ್ಕರು. ಆಮೇಲೆ ಅದನ್ನು ಬಾಯಿಗಿಟ್ಟುಕೊಂಡರು ನೋಡಿ.... ಊರಿಗೆ ಊರೇ ಗಪ್ ಚಿಪ್.

ಅದು ಸ್ಯಾಕ್ಸೊಫೋನ್ ಅಂತ ನನಗೆ ಆಮೇಲೆ ಗೊತ್ತಾಯ್ತು. ಅವತ್ತು ಮಧ್ಯರಾತ್ರಿವರೆಗೂ ನಾನು ಅಲ್ಲಿಂದ ಕದಲಲಿಲ್ಲ. ಅವರು ನುಡಿಸಿದ್ದರಲ್ಲಿ ಕೀರ್ತನೆ ಯಾವುದು, ಸಿನಿಮಾ ಹಾಡು ಯಾವುದು ಅಂತ ತಿಳಿಯುವ ವಯಸ್ಸಲ್ಲ. ಬಿಡುವಿನಲ್ಲಿ ಧೈರ್ಯ ಮಾಡಿ ಹತ್ತಿರ ಹೋಗಿ "ಎಲ್ಲಿ ಕಲಿತ್ರಿ ಇದನ್ನ?" ಅಂತ ಕೇಳಿದೆ. "ಕದ್ರಿಯೋರ ಕ್ಯಾಸೆಟ್ ಕೇಳ್ಕಂಡು ಕಣಪ್ಪ. ಎಲ್ಡು ವರ್ಸ ಆಯ್ತು" ಅಂದರು. ಅದರ ಒಂದು ಬಿರಡೆ ಒತ್ತಿ ನೋಡಲಿಕ್ಕೂ ಬಿಟ್ಟರು.

ಪುಕ್ಕಟೆ ಸಂಗೀತ ಕೇಳಿದ್ದು ಹೀಗೆ. ಆದರೆ ಗೆಳೆಯ ತೋರಿಸಿದ ಆ "ಪ್ರವೇಶ ಉಚಿತ" ನೋಡಿದ ಮೇಲೆ ತಲೆಯಲ್ಲಿ ಒಂದು ಪ್ರಶ್ನೆ ಕೊರೀತಾ ಇದೆ. ಕೇಳುವವನಿಗೆ ಪುಕ್ಕಟೆ ಸರಿ. ದುಡ್ಡು ಕೊಟ್ಟವರು ಯಾರು? ಇದರ ಹಿಂದೆ ಒಂದು ಚರಿತ್ರೆಯೇ ಇದೆ. ನನಗೆ ತಿಳಿದಷ್ಟು ಬರೀತೀನಿ, ತಾಳ್ಮೆಯಿಂದ ಓದಿ.

ಮೊದಲು ರಾಜರ ದುಡ್ಡು

ಓಲಗ ಅನ್ನೋ ಪದಕ್ಕೆ ನಮ್ಮ ಹಳಗನ್ನಡದಲ್ಲಿ ರಾಜಸಭೆ ಅನ್ನೋ ಅರ್ಥ ಇದೆ, ಸೇವೆ ಅನ್ನೋ ಅರ್ಥವೂ ಇದೆ. ಒಡ್ಡೋಲಗ ಅಂತೀವಲ್ಲ, ಅದೇ. ಅರಮನೆಯ ಓಲಗದಿಂದ ಹಿಡಿದು ಮದುವೆಮನೆಯ ಓಲಗದವರೆಗೆ ಒಂದೇ ಮಾತು ಇಳಿದು ಬಂದಿದೆ.

ಮೈಸೂರು ಅರಮನೆಯಲ್ಲಿ ಎರಡು ಬ್ಯಾಂಡುಗಳಿದ್ದವು. ಒಂದು ಇಂಗ್ಲಿಷ್ ಬ್ಯಾಂಡ್, ಇನ್ನೊಂದು ಕರ್ನಾಟಕ ಸಂಗೀತದ ಬ್ಯಾಂಡ್. ಮೊದಲನೆಯದರಲ್ಲಿ ಪಾಶ್ಚಾತ್ಯ ಸಂಗೀತ. ಎರಡನೆಯದರಲ್ಲಿ ನಮ್ಮ ಕೃತಿಗಳನ್ನೇ ಕ್ಲಾರಿನೆಟ್ಟು, ಸ್ಯಾಕ್ಸೊಫೋನು, ಪಿಟೀಲು ಎಲ್ಲ ಸೇರಿಸಿ ನುಡಿಸೋದು. ಜೆರ್ಮನಿಯಿಂದ ಬಂದ ಆಟೊ ಶ್ಮಿಟ್ ಅರಮನೆಯ ವಾದ್ಯವೃಂದವನ್ನು ನಡೆಸಿದವರು. ಸ್ವಾತಂತ್ರ್ಯದ ನಂತರ ಈ ಬ್ಯಾಂಡುಗಳು ಪೊಲೀಸ್ ಇಲಾಖೆಗೆ ಸೇರಿದವು. ದಸರಾದಲ್ಲಿ ಅರಮನೆ ಮುಂದೆ ಪೊಲೀಸ್ ಬ್ಯಾಂಡು ಕೇಳಿದವರು ನಿಮ್ಮಲ್ಲೂ ಬೇಕಾದಷ್ಟು ಜನ ಇರಬಹುದು. ಆ ಕಾಲದಲ್ಲೂ ಅಷ್ಟೇ, ದರ್ಬಾರಿನ ಒಳಗೆ ಆಹ್ವಾನ ಇದ್ದವರಿಗಷ್ಟೇ ಪ್ರವೇಶ, ಆದರೆ ಜಂಬೂಸವಾರಿಯ ಜೊತೆ ಬ್ಯಾಂಡು ಬೀದಿಗೆ ಬಂದ ಮೇಲೆ ಅದನ್ನು ಯಾರು ತಡೆಯೋದು? ದಾರಿ ಬದಿ ನಿಂತವರಿಗೆಲ್ಲ ಅದು ಸಿಕ್ಕಿತು.

ಜಯಚಾಮರಾಜ ಒಡೆಯರ ಕತೆ ಇನ್ನೂ ದೊಡ್ಡದು. ಪಿಯಾನೋ ಕಲಿತವರು, ಜೊತೆಗೆ ಶ್ರೀವಿದ್ಯಾ ಅಂಕಿತದಲ್ಲಿ ಕೃತಿಗಳನ್ನು ರಚಿಸಿದವರು. ಲಂಡನ್ನಿನ ಫಿಲ್ಹಾರ್ಮೊನಿಯಾ ವಾದ್ಯವೃಂದಕ್ಕೆ ಆಸರೆಯಾದರು. ರಷ್ಯಾದ ಮೆಡ್ನರ್ ಅನ್ನೋ ಸಂಗೀತಗಾರ ಇಂಗ್ಲೆಂಡಿನಲ್ಲಿ ಮುಪ್ಪಿನಲ್ಲಿ ಕಷ್ಟದಲ್ಲಿದ್ದಾಗ ಅವರ ರಚನೆಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಆತ ತನ್ನ ಮೂರನೇ ಪಿಯಾನೋ ಕಾನ್ಸರ್ಟೊವನ್ನು ನಮ್ಮ ಮಹಾರಾಜರಿಗೇ ಅರ್ಪಿಸಿದ. ಇನ್ನೊಂದು ಕೇಳಿ. ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಗೀತೆಗಳು ಜಗತ್ತಿನಲ್ಲಿ ಮೊದಲ ಸಲ ಹಾಡಲ್ಪಟ್ಟದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಆ ಕಚೇರಿಗೆ ಹಣದ ಭರವಸೆ ನೀಡಿದವರು ಮೈಸೂರಿನ ಒಡೆಯರು.

ಮೈಸೂರು ಅಂದರೆ ಯಾರು? ಅರಮನೆಯ ಖಜಾನೆ ತುಂಬಿದ್ದು ಗಂಧದಿಂದ, ಚಿನ್ನದಿಂದ, ಕಂದಾಯದಿಂದ, ನಮ್ಮ ಕಡೆಯ ರೇಷ್ಮೆಯಿಂದ. ನಮ್ಮ ತಾತ ಸ್ಟ್ರಾಸ್ ಹೆಸರು ಕೇಳದೆಯೇ ತೀರಿಕೊಂಡರು. ಆದರೆ ಆ ಲೆಕ್ಕದಲ್ಲಿ ಅವರದ್ದೂ ಒಂದು ಕಾಸು ಇದ್ದಿರಬೇಕು ಅಂತ ನನಗನ್ನಿಸುತ್ತೆ :)

ಬ್ಯಾಂಡು ಕೇಳಿದ ಹುಡುಗ

ಈಗ ಆ ಕ್ಯಾಸೆಟ್ಟಿನ ವಿಷಯ.

ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಹುಡುಗ ಗೋಪಾಲನಾಥ್. ಅಪ್ಪ ತನಿಯಪ್ಪ ನಾಗಸ್ವರ ವಿದ್ವಾಂಸರು. ಮಗನೂ ನಾಗಸ್ವರದ ಹಾದಿಯಲ್ಲೇ ಹೊರಟಿದ್ದ. ಚಿಕ್ಕಂದಿನಲ್ಲಿ ಮೈಸೂರಿನ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿದ. ಅಷ್ಟೇ, ಮರುಳಾಗಿಬಿಟ್ಟ.

ಸ್ಯಾಕ್ಸೊಫೋನಿಗೆ ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದದ್ದು. ಬ್ಯಾಂಡಿಗೆಂದೇ ಹೆಚ್ಚು ಬಳಕೆಯಾಗಿದ್ದ ವಾದ್ಯ. ಬಿರಡೆ ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು. ನಡುವೆ ಜಾರುವುದು, ತೂಗುವುದು ಸುಲಭವಲ್ಲ. ಕರ್ನಾಟಕ ಸಂಗೀತಕ್ಕೆ ಗಮಕ ಇಲ್ಲದಿದ್ದರೆ ಸಾರಿಗೆ ಉಪ್ಪಿಲ್ಲದ ಹಾಗೆ. ಗೋಪಾಲನಾಥರು ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಹತ್ತಿರ ಕಲಿತರು, ಮುಂದೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಹತ್ತಿರ ಕಲಿತರು. ವಾದ್ಯದಲ್ಲೇ ಕೆಲವು ಬದಲಾವಣೆ ಮಾಡಿಕೊಂಡರು. ವರ್ಷಗಟ್ಟಲೆ ಉಸಿರು ಸವೆಸಿ ಆ ಹಿತ್ತಾಳೆಯಿಂದ ಗಮಕ ಹೊರಡಿಸಿದರು.

1980ರಲ್ಲಿ ಮುಂಬೈಯ ಜಾಝ್ ಯಾತ್ರಾದಲ್ಲಿ ಅವರನ್ನು ಕೇಳಿದ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ, ತಾನೂ ಜೊತೆಗೆ ನುಡಿಸಬೇಕು ಅಂತ ಕೇಳಿಕೊಂಡು ನುಡಿಸಿದರು. 1994ರಲ್ಲಿ ಕದ್ರಿಯವರಿಗೆ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಿಂದ ಕರೆ ಬಂತು. ಎಲ್ಲಿ ಗೊತ್ತಾ? ಅದೇ ರಾಯಲ್ ಆಲ್ಬರ್ಟ್ ಹಾಲ್. ಹಿಂದೆ ಮೈಸೂರಿನ ಹಣ ಹೋಗಿದ್ದ ಜಾಗಕ್ಕೆ 44 ವರ್ಷದ ನಂತರ ಮೈಸೂರಿನ ಬ್ಯಾಂಡು ಕೇಳಿ ಬೆಳೆದ ಹುಡುಗ ಹೋದ. 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು.

ಇನ್ನೂ ಮಜಾ ಇರೋದು ಆ ಕಡೆಯಿಂದ. ಬಾಸ್ಟನ್ನಿನ ಚಾರ್ಲಿ ಮಾರಿಯಾನೊ ಅಂತ ಹೆಸರಾಂತ ಜಾಝ್ ಸ್ಯಾಕ್ಸೊಫೋನ್ ವಾದಕ. ಅವರು ನಮ್ಮ ನಾಗಸ್ವರಕ್ಕೆ ಮರುಳಾಗಿ ಅದನ್ನು ಕಲಿತರು. ಬೆಂಗಳೂರಿನಲ್ಲಿ 1964ರಲ್ಲಿ ಶುರುವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ತಂಡದ ಜೊತೆ ಸೇರಿ 1983ರಲ್ಲಿ 'ಜ್ಯೋತಿ' ಅನ್ನೋ ಆಲ್ಬಂ ಮಾಡಿದರು. ನಾಗಸ್ವರದವರ ಮಗ ಸ್ಯಾಕ್ಸೊಫೋನ್ ಹಿಡಿದ, ಸ್ಯಾಕ್ಸೊಫೋನಿನವರು ನಾಗಸ್ವರ ಹಿಡಿದರು!

ಕರ್ನಾಟಕ ಮೂಲದ ಕುಟುಂಬದ, ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಅವರದ್ದು ಮತ್ತೊಂದು ಕತೆ. ಜಾಝ್ ಕಲೀತಿದ್ದ ತಮ್ಮನಿಗೆ ಅಣ್ಣ ತಮಾಷೆಗೆ ಅಂತ ಕದ್ರಿಯವರ ಆಲ್ಬಂ ಒಂದನ್ನು ತಂದುಕೊಟ್ಟನಂತೆ. ಕೇಳಿದ ತಮ್ಮನಿಗೆ ಅದು ತಮಾಷೆಯಾಗಿ ಉಳಿಯಲಿಲ್ಲ. 2008ರಲ್ಲಿ ಇಬ್ಬರೂ ಸೇರಿ 'ಕಿನ್ಸ್‌ಮೆನ್' ಅನ್ನೋ ಆಲ್ಬಂ ತಂದರು. ಬಂಧುಗಳು ಅಂತ ಅರ್ಥ. ಚೆನ್ನಾಗಿದೆ ಅಲ್ವಾ ಹೆಸರು?

ಅಂದಹಾಗೆ ಜಾಝ್ ಹುಟ್ಟಿದ್ದೂ ಟಿಕೆಟ್ ಕೌಂಟರಿನ ಹಿಂದೆ ಅಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನಲ್ಲಿ 19ನೇ ಶತಮಾನದ ಮೊದಲ ಭಾಗದಲ್ಲಿ ಗುಲಾಮರಾಗಿದ್ದ ಆಫ್ರಿಕಾದ ಜನ ಭಾನುವಾರದ ಬಿಡುವಿನಲ್ಲಿ ಕಾಂಗೋ ಸ್ಕ್ವೇರ್ ಅನ್ನೋ ಬಯಲಿನಲ್ಲಿ ಸೇರಿ ಬಾರಿಸಿ ಕುಣೀತಿದ್ದರು. ಮುಂದೆ ಅದೇ ಊರಿನ ಬ್ಯಾಂಡುಗಳು ಹೆಣದ ಮೆರವಣಿಗೆಯಲ್ಲಿ ನುಡಿಸಿದವು. ನಮ್ಮಲ್ಲಿ ಮದುವೆಗೂ ಓಲಗ, ಸಾವಿಗೆ ತಮಟೆ. ಬೀದಿಯಲ್ಲಿ ನುಡಿಸೋರ ಕತೆ ಎಲ್ಲಾ ಕಡೆ ಒಂದೇ ರೀತಿ ಇರುತ್ತೇನೋ.

ರಾಜರು ಹೋದ ಮೇಲೆ

ರಾಜರ ಕಾಲ ಮುಗಿದ ಮೇಲೆ ದುಡ್ಡು ಎಲ್ಲಿಂದ? ಇದಕ್ಕೆ ಬೇರೆ ಬೇರೆ ಊರು ಬೇರೆ ಬೇರೆ ದಾರಿ ಕಂಡುಕೊಂಡವು.

ಮೇಲೆ ಹೇಳಿದ ಪ್ರಾಮ್ಸ್ 1895ರಲ್ಲಿ ರಾಬರ್ಟ್ ನ್ಯೂಮನ್ ಮತ್ತು ಹೆನ್ರಿ ವುಡ್ ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ ಶುರು ಮಾಡಿದ್ದು. ಪುಕ್ಕಟೆ ಅಲ್ಲ, ಆದರೆ ನಿಂತು ಕೇಳುವವರಿಗೆ ಒಂದು ಶಿಲಿಂಗ್ ಅಷ್ಟೇ. ಕೂತು ಕೇಳುವವರು ಜಾಸ್ತಿ ಕೊಡಬೇಕು. ಯುದ್ಧದಲ್ಲಿ ಬಾಂಬು ಬಿದ್ದು ಕ್ವೀನ್ಸ್ ಹಾಲ್ ಸುಟ್ಟ ಮೇಲೆ 1941ರಲ್ಲಿ ಅದು ಆಲ್ಬರ್ಟ್ ಹಾಲ್‌ಗೆ ಬಂತು.

ನಮ್ಮ ಬೆಂಗಳೂರಿನಲ್ಲಿ ಚಾಮರಾಜಪೇಟೆಯ ಶ್ರೀರಾಮ ಸೇವಾ ಮಂಡಳಿ 1939ರಲ್ಲಿ ಶುರುವಾಯ್ತು. ಎಸ್.ವಿ. ನಾರಾಯಣಸ್ವಾಮಿ ರಾವ್ ಅದನ್ನು ಕಟ್ಟಿದಾಗ ಇನ್ನೂ ಹುಡುಗ. ರಾಮನವಮಿಗೆ ಕೋಟೆ ಹೈಸ್ಕೂಲು ಮೈದಾನದ ಚಪ್ಪರದಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿ, ಚೆಂಬೈ ವೈದ್ಯನಾಥ ಭಾಗವತರ್ ಅಂಥವರೆಲ್ಲ ಹಾಡಿದರು. ಒಳಗೆ ಕುರ್ಚಿಗೆ ಟಿಕೆಟ್. ಹೊರಗೆ ಫುಟ್‌ಪಾತಿಗೆ ಟಿಕೆಟ್ ಇಲ್ಲ. ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದ ಹೊಸದರಲ್ಲಿ ನಾನು ಪೇಪರ್ ಹಾಸಿಕೊಂಡು ಹೊರಗೆ ಕೂತು ಕೇಳಿದವನೇ. ಪಕ್ಕದಲ್ಲಿ ಆಟೋ ಚಾಲಕರು, ಹೂ ಮಾರುವ ಅಮ್ಮ, ಚೀಲ ತಬ್ಬಿಕೊಂಡ ರಿಟೈರ್ಡ್ ಮೇಷ್ಟ್ರು. ಒಳಗೆ ಕುರ್ಚಿಗೆ ದುಡ್ಡು ಕೊಟ್ಟವರು ನಮಗೂ ಸೇರಿಸಿ ಕೊಟ್ಟಿದ್ದರು ಅಂತ ಆಗ ಹೊಳೆದಿರಲಿಲ್ಲ.

ಬಸವನಗುಡಿಯಲ್ಲಿ ಬಿ.ಪಿ. ವಾಡಿಯಾ 1945ರಲ್ಲಿ ಕಟ್ಟಿದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನಲ್ಲಿ ನಮ್ಮ ಸಂಗೀತವೂ ಆಗುತ್ತೆ, ಪಾಶ್ಚಾತ್ಯ ಸಂಗೀತವೂ ಆಗುತ್ತೆ. 1996ರಲ್ಲಿ ಶುರುವಾದ ಫ್ರೀಡಂ ಜ್ಯಾಮ್ ಆಗಸ್ಟ್ 15ಕ್ಕೆ ರಾಕ್, ಜಾಝ್ ಹುಡುಗರಿಗೆ ಬಯಲು ವೇದಿಕೆ ಕೊಟ್ಟಿತು. ಹೆಸರಲ್ಲೇ ಇದೆ, ಕೇಳೋರಿಗೆ ಫ್ರೀ. ಅಲ್ಲಿ ನುಡಿಸೋರು ದುಡ್ಡಿಗೆ ಕಾಯದೆ ಬಂದು ನುಡಿಸಿದರು.

ನನಗೆ ಎಲ್ಲಕ್ಕಿಂತ ಇಷ್ಟವಾದ್ದು ಮೈಸೂರಿನ ಎಂಟನೇ ಕ್ರಾಸು. ವಾಣಿವಿಲಾಸ ಮೊಹಲ್ಲಾದಲ್ಲಿ 1962ರಿಂದ ಗಣಪತಿ ಹಬ್ಬಕ್ಕೆ ನಡೆದುಕೊಂಡು ಬಂದ ಸಂಗೀತೋತ್ಸವ. ಬಡಾವಣೆಯ ಬೀದಿಯೇ ಸಭಾಂಗಣ, ಬೀದಿಗೇ ಚಪ್ಪರ. ದೊಡ್ಡ ದೊಡ್ಡ ವಿದ್ವಾಂಸರೆಲ್ಲ ಬಂದು ಆ ರಸ್ತೆಯಲ್ಲಿ ಹಾಡಿದ್ದಾರೆ. ಟಿಕೆಟ್ ಇಲ್ಲ. ಕಾಲೇಜಿನ ದಿನಗಳಲ್ಲಿ ಒಂದು ಸಂಜೆ ಅಲ್ಲಿ ಹೋಗಿ ಕೂತಿದ್ದೆ. ಪಕ್ಕದ ಮನೆಯವರು ಕಾಂಪೌಂಡಿನ ಮೇಲೆ ಕೂತಿದ್ದರು, ಅವರ ಮನೆ ಜಗಲಿ ಮೇಲೆ ನಾವು ಗುರುತು ಪರಿಚಯ ಇಲ್ಲದವರು ಕೂತಿದ್ದೆವು. ಯಾರೋ ಒಬ್ಬರು ತಾಯಿ ಎಲ್ಲರಿಗೂ ನೀರು ಕೊಟ್ಟರು. ಕೊಡಬಲ್ಲವರು ಕೊಟ್ಟರು, ಕೇಳಬಲ್ಲವರು ಕೇಳಿದರು. ಲೆಕ್ಕ ಅಲ್ಲಿಗೆ ಚುಕ್ತಾ.

ನಮ್ಮೂರ ಲೆಕ್ಕ

ಮತ್ತೆ ನಮ್ಮೂರ ಓಲಗಕ್ಕೆ ಯಾರು ಕೊಟ್ಟರು?

ನಮ್ಮ ಕಡೆ ಹೆಚ್ಚಿನ ಊರುಗಳಲ್ಲಿ ಓಲಗ ನುಡಿಸುತ್ತಿದ್ದವರು ಕ್ಷೌರಿಕ ವೃತ್ತಿಯ ಮನೆತನದವರು. ಬೆಳಿಗ್ಗೆ ಕತ್ತಿ ಕತ್ತರಿ, ಸಂಜೆ ನಾಗಸ್ವರ. ಸುಗ್ಗಿಯಲ್ಲಿ ಕಣದ ಹತ್ತಿರ ಬಂದು ನಿಂತರೆ ವರ್ಷದ್ದೆಲ್ಲಾ ಸೇರಿಸಿ ರಾಗಿ ಅಳೆದು ಕೊಡುತ್ತಿದ್ದರು. ಹಬ್ಬಕ್ಕೆ ಒಂದು ಟವೆಲ್ಲು, ತೆಂಗಿನಕಾಯಿ, ಎಲೆಅಡಿಕೆ, ಮೇಲೊಂದಿಷ್ಟು ಚಿಲ್ಲರೆ. ರಾತ್ರಿಯಿಡೀ ಉಸಿರು ಹಿಡಿದು ಊದಿದ್ದಕ್ಕೆ ಅಷ್ಟೇ.

ಮೇಲೆ ಒಂದು ವಿಷಯ ಹೇಳದೆ ಬಿಟ್ಟಿದ್ದೆ. ಅವತ್ತು ರಾತ್ರಿ ಊರವರದ್ದೆಲ್ಲ ಊಟ ಆದ ಮೇಲೆ ನಮ್ಮಜ್ಜಿ ಮುತ್ತುಗದ ಎಲೆಯಲ್ಲಿ ಅನ್ನ, ಹುಳಿ, ಪಾಯಸ ಹಾಕಿ ನನ್ನ ಕೈಗೆ ಕೊಟ್ಟು, "ಓಗು ಮಗ, ಓಲಗದೋರಿಗೆ ಕೊಟ್ಬುಟ್ಟು ಬಾ. ಕೈಗೆ ಕೊಡಬ್ಯಾಡ, ಕೆಳಕ್ಕಿಡು" ಅಂದರು. ನಾನು ಹೋಗಿ ಕೆಳಗಿಟ್ಟೆ. ಅರ್ಧ ಗಂಟೆ ಮುಂಚೆ ತಮ್ಮ ವಾದ್ಯವನ್ನು ನನ್ನ ಕೈಗೆ ಕೊಟ್ಟಿದ್ದವರು ಅವರು. ನನ್ನ ಮುಖ ನೋಡಿದರು. ಏನೂ ಅನ್ನಲಿಲ್ಲ. "ಉಂಡ್ಯಾ ಮಗ?" ಅಂತ ಕೇಳಿದರು, ಅಷ್ಟೇ.

ಅಜ್ಜಿ ಕೆಟ್ಟವರಲ್ಲ. ಹಸಿದು ಬಂದವರನ್ನು ಹಾಗೇ ಕಳಿಸಿದವರಲ್ಲ. ಆದರೆ ಆ ರಾತ್ರಿ ಊರಿಗೆಲ್ಲಾ ಪುಕ್ಕಟೆಯಾಗಿ ಸಿಕ್ಕಿದ್ದಕ್ಕೆ ದುಡ್ಡು ಕೊಟ್ಟವರು ಯಾರು ಅಂತ ಕೇಳಿದರೆ ಉತ್ತರ ಇದು. ನುಡಿಸಿದವರೇ ಕೊಟ್ಟರು. ರಾಜರು ಕೊಡುವಾಗ ಹೆಸರು ಬಂತು, ಚಪ್ಪರದವರು ಕೊಡುವಾಗ ಕುರ್ಚಿ ಸಿಕ್ಕಿತು. ಇವರಿಗೆ ಎರಡೂ ಇಲ್ಲ. ಅದಕ್ಕೇ ನನಗೆ "ಪ್ರವೇಶ ಉಚಿತ" ಅನ್ನೋ ಬೋರ್ಡು ಕಂಡಾಗಲೆಲ್ಲ ನುಡಿಸುವವರ ಊಟ ಆಯ್ತಾ ಅಂತ ಕೇಳಬೇಕು ಅನ್ನಿಸೋದು.

ಈ ವರ್ಷ ಹಬ್ಬದ ವಂತಿಗೆ ಕೇಳಲು ಊರಿನ ಹುಡುಗರು ಫೋನ್ ಮಾಡಿದ್ದರು. ಆರ್ಕೆಸ್ಟ್ರಾ ಕರೆಸುತ್ತಾರಂತೆ. ಕೊಡ್ತೀನಿ, ಆದರೆ ಎರಡು ಮಾತು ನಡೆಸಿಕೊಡಬೇಕು ಅಂದೆ. ಆರ್ಕೆಸ್ಟ್ರಾಕ್ಕೆ ಹಾಕಿದ ಅದೇ ವೇದಿಕೆ ಮೇಲೆ, ಅದೇ ಮೈಕಿನಲ್ಲಿ, ಮೊದಲು ಒಂದು ಗಂಟೆ ಓಲಗದವರು ನುಡಿಸಬೇಕು. ಮೊದಲ ಪಂಕ್ತಿಯಲ್ಲಿ ಅವರೂ ಊಟಕ್ಕೆ ಕೂರಬೇಕು. ಹುಡುಗರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಊಟಕ್ಕೇನಣ್ಣ, ಈಗ ಎಲ್ಲಾ ಒಟ್ಟಿಗೇ ಕೂರ್ತಾರೆ. ಒಂದು ಗಂಟೆ ಅಂದ್ರೆ ಜನ ಕೂಗಾಡ್ತಾರೆ, ಅರ್ಧ ಗಂಟೆ ಮಾಡಣ" ಅಂತ ಚೌಕಾಸಿ ಮಾಡಿದರು. ಒಪ್ಪಿಕೊಂಡೆ.

ಹೋಗಿದ್ದೆ. ಸ್ಯಾಕ್ಸೊಫೋನ್ ನುಡಿಸಿದವರು ಆಗಿನವರ ತಮ್ಮನ ಮಗ. ಆಗಿನವರು ಈಗಿಲ್ಲ. ಜನ ಕೂಗಾಡಲಿಲ್ಲ, ಹಾಗಂತ ಕಿಕ್ಕಿರಿದೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ಮುದುಕರು, ವೇದಿಕೆ ಅಂಚಿಗೆ ಗಲ್ಲ ಊರಿಕೊಂಡು ಏಳೆಂಟು ಮಕ್ಕಳು. ಒಬ್ಬ ಪುಟ್ಟ ಹುಡುಗ ಮಾತ್ರ ಅರ್ಧ ಗಂಟೆಯೂ ಆ ಬಿರಡೆಗಳ ಮೇಲಿಂದ ಕಣ್ಣು ತೆಗೀಲಿಲ್ಲ. ಇಳಿದು ಬಂದ ಮೇಲೆ ಊಟದ ಸಾಲಿನಲ್ಲಿ ನಾನು ಅವರ ಪಕ್ಕದಲ್ಲಿ ಕೂತೆ. ನಿಮ್ಮ ದೊಡ್ಡಪ್ಪ ಒಂದು ಸಲ ನನಗೆ ವಾದ್ಯ ಮುಟ್ಟಲು ಕೊಟ್ಟಿದ್ದರು ಅಂತ ಹೇಳಿದೆ. ಎಲೆಯ ವಿಷಯ ಹೇಳಬೇಕು ಅಂತಿದ್ದೆ. ಬಾಯಿ ಬರಲಿಲ್ಲ. ಇಲ್ಲಿ ಬರೀತಿದ್ದೀನಿ.

ಗೆಳೆಯನ ಪಾರ್ಕಿನ ಕಚೇರಿಗೆ ಬರುವ ಭಾನುವಾರ ಹೋಗ್ತೀನಿ. ಡಬ್ಬಿ ಇಟ್ಟಿದ್ದರೆ ಹಾಕಿ ಬರ್ತೀನಿ, ಇಡದಿದ್ದರೆ ಇಡಿ ಅಂತ ಹೇಳಿ ಬರ್ತೀನಿ :)

ನಿಮ್ಮೂರಲ್ಲಿ ನೀವು ಪುಕ್ಕಟೆ ಕೇಳಿದ ಮೊದಲನೇ ಸಂಗೀತ ಯಾವುದು? ನುಡಿಸಿದವರು ಯಾರು, ಅವರಿಗೆ ಊರು ಏನು ಕೊಟ್ಟಿತು? ನೆನಪಿದ್ದರೆ ನಿಮ್ಮ ನಿಮ್ಮ ಬ್ಲಾಗಿನಲ್ಲಿ ಬರೀರಿ. ಓದೋಕೆ ಕಾಯ್ತಿರ್ತೀನಿ.